ಬಲಿ ಹಲಗಿ: ಗಾಳಿ ಹಿಡಿಯೋ ಬೆಡ್ಡು, ಸುಳ್ಳು ಹೇಳೋ ಮೀಟರು

1/7

ನಿನ್ನೆ ಸ್ಟೋರಿಯೊಳಗ ಹಾಕಿದ ಫೋಟೋ ನೋಡಿ ನಮ್ಮ ಕ್ಲಾಸಿನವರೇ ಭಾಳ ಮಂದಿ ಡಿಎಂ ಮಾಡೀರಿ. "ಇಷ್ಟು ದೊಡ್ಡ ಕೇರಂ ಬೋರ್ಡ್ ಎಲ್ಲಿ ಸಿಕ್ತು?" ಅಂತ ಒಬ್ಬಾಕಿ. "ಹರಿದ ಮ್ಯಾಪ್ ಇದ್ದಂಗ ಐತಲ್ಲ" ಅಂತ ಇನ್ನೊಬ್ಬ. ಕೇರಂ ಬೋರ್ಡ್ ಅಲ್ರೀ ಅದು. ಸಿಎನ್‌ಸಿ ರೂಟರ್ ಮೆಷಿನ್‌ನ ಮೇಜಿನ ಮ್ಯಾಲೆ ಹಾಸಿದ ಎಂಡಿಎಫ್ ಹಲಗಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಮ್ಯಾಲೆ ಕಾಣೋ ಗೆರಿಗಳೆಲ್ಲ ಒಂದೊಂದು ಮನಿ ಬಾಗಿಲ ನೆನಪು.

ಗೊತ್ತಿಲ್ಲದವರಿಗೆ: ಗಂಗಾವತಿಯೊಳಗ ನಮ್ಮ ಮಾಮಾಂದು ಕಟ್ಟಿಗಿ ಕೆಲಸದ ಶೆಡ್ ಐತಿ. ಮುಂಬಾಗಿಲ ಡಿಸೈನ್, ದೇವರ ಮನಿ ಜಾಲಿ, ಅಡಗಿ ಮನಿ ಶಟರ್, ಮನಿ ಹೆಸರಿನ ಬೋರ್ಡ್. ನಾನು ಸಂಜಿ ಕಾಲೇಜ್ ಮುಗಿಸಿ ಹೋಗಿ ಬಿಲ್ಲು, ಜಿಎಸ್‌ಟಿ, ಲೆಡ್ಜರ್ ನೋಡ್ತೀನಿ. ಬಿಕಾಂ ಓದೋ ಹುಡುಗಿಗೆ ಮೆಷಿನ್ ಕಡೆ ಏನು ಕೆಲಸ ಅಂತ ಕೇಳಬ್ಯಾಡ್ರಿ. ಲೆಕ್ಕದ ಪುಸ್ತಕದಾಗ ರೊಕ್ಕ ಎಲ್ಲಿ ಸೋರತೈತಿ ಅಂತ ಹುಡುಕಿಕೊಂತ ಹೋದ್ರ ಕಡೀಗೆ ಮೆಷಿನ್ ಹತ್ರನೇ ಬಂದು ನಿಲ್ತೀವಿ.

ಈ ಹಲಗಿಗೆ ಕಂಪನಿಯವರು ಸ್ಪಾಯಿಲ್ ಬೋರ್ಡ್ ಅಂತಾರ. ಶೆಡ್ಡಿನಾಗ ಬರೀ 'ಬೆಡ್ಡು'. ನಾನು ಬಲಿ ಹಲಗಿ ಅಂತೀನಿ, ಯಾಕಂದ್ರ ಅದರ ಕೆಲಸನೇ ಕೊಯ್ಸಿಕೊಳ್ಳೋದು. ಪ್ಲೈವುಡ್ ಪೂರ್ತಿ ಕತ್ತರಿಸಬೇಕಂದ್ರ ಬಿಟ್ಟು ಒಂದು ಕೂದಲೆಳಿ ಕೆಳಗ ಇಳೀಲೇಬೇಕು. ಕೆಳಗ ಈ ಹಲಗಿ ಇಲ್ಲಂದ್ರ ಬಿಟ್ಟು ಹೋಗಿ ಮೆಷಿನ್‌ನ ಸ್ವಂತ ಮೇಜಿಗೇ ಬಡಿತೈತಿ.

2/7

ನಮ್ಮಜ್ಜ ಯಲಬುರ್ಗಾ ಕಡೆ ಹಳ್ಳಿಯೊಳಗ ಬಡಿಗತನ ಮಾಡತಿದ್ದ. ಕುಂಟಿ, ಕೂರಿಗಿ, ಬಂಡಿ ಸಾಮಾನು. ಅವನ ಮುಂದ ಯಾವಾಗ್ಲೂ ಒಂದು ದಪ್ಪ ಕೊರಡು ಇರತಿತ್ತು. ಅದರ ಮ್ಯಾಲೆ ಕಟ್ಟಿಗಿ ಇಟ್ಟು, ಕಾಲಿಂದ ಒತ್ತಿ ಹಿಡಿದು ಬಾಚಿಲೆ ಕೆತ್ತತಿದ್ದ. ಬಾಚಿ ಏಟು ತಪ್ಪಿದ್ರ ಕೊರಡಿಗೆ ಬೀಳತಿತ್ತು, ನೆಲಕ್ಕಲ್ಲ. ಕೊರಡಿನ ನೆತ್ತಿ ಉಬ್ಬು ತಗ್ಗಾದಾಗ ಅದನ್ನೂ ಒಮ್ಮೆ ಸವರಿ ಸಮ ಮಾಡತಿದ್ದ. ಬಲಿ ಹಲಗಿ ಅಂದ್ರ ಅಜ್ಜನ ಕೊರಡೇ. ಅಜ್ಜನ ಕಾಲಿನ ಕೆಲಸ ಮಾತ್ರ ಇಲ್ಲಿ ಗಾಳಿ ಮಾಡತೈತಿ.

ಹೆಂಗ ಅಂದ್ರ, ಹಲಗಿ ಕೆಳಗಿನ ಮೇಜಿನಾಗ ಕಾಲುವಿ ಹಂಗ ಗೆರಿ ಕೊರೆದಿರ್ತಾರ. ಕಾಲುವಿ ಸುತ್ತ ರಬ್ಬರ್ ಹಗ್ಗ ಕೂಡಿಸಿರ್ತಾರ. ಪಂಪ್ ಆ ಕಾಲುವಿಯೊಳಗಿನ ಗಾಳಿ ಎಳಿತೈತಿ. ಎಂಡಿಎಫ್ ನೋಡಾಕ ಗಟ್ಟಿ ಕಂಡ್ರೂ ಅದು ಕಟ್ಟಿಗಿ ನಾರನ್ನ ಅಂಟು ಹಾಕಿ ಒತ್ತಿದ್ದು, ಒಳಗ ಸಣ್ಣ ಸಣ್ಣ ಸಂದಿ ಇರ್ತಾವ. ಗಾಳಿ ಅದರೊಳಗಿಂದ ಹಾದು ಹೋಗತೈತಿ. ಮ್ಯಾಲೆ ಇಟ್ಟ ಪ್ಲೈವುಡ್ ಆ ಗಾಳಿಗೆ ಅಡ್ಡ ಬಂತಂದ್ರ, ಹೊರಗಿನ ವಾತಾವರಣವೇ ಅದನ್ನ ಒತ್ತಿ ಹಿಡಿತೈತಿ. ಇಲ್ಲೊಂದು ಮಾತು ಭಾಳ ಜನ ತಪ್ಪು ತಿಳಿತಾರ. ಪಂಪ್ ಪ್ಲೈವುಡ್ಡನ್ನ ಕೆಳಗ ಎಳೆಯೋದಿಲ್ಲ. ಕೆಳಗಿನ ಗಾಳಿ ತಗದ್ರ ಮ್ಯಾಲಿನ ಗಾಳಿ ತಾನ ಒತ್ತತೈತಿ.

ಆ ಒತ್ತು ಎಷ್ಟು ಅಂದ್ರ, ಸಮುದ್ರ ಮಟ್ಟದಾಗ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. 1650ರ ದಶಕದಾಗ ಜರ್ಮನಿಯೊಳಗ ಒಟ್ಟೊ ಫಾನ್ ಗೆರಿಕೆ ಅನ್ನೋ ವ್ಯಕ್ತಿ ಎರಡು ಲೋಹದ ಅರ್ಧಗೋಳ ಕೂಡಿಸಿ, ಒಳಗಿನ ಗಾಳಿ ತಗದು, ಎರಡೂ ಕಡೆ ಕುದುರಿ ಕಟ್ಟಿ ಎಳಿಸಿದ್ದ. ಕುದುರಿ ಸುಸ್ತಾದ್ವು, ಗೋಳ ಬಿಡಲಿಲ್ಲ. ನಮ್ಮ ಶೆಡ್ಡಿನಾಗ ಅರ್ಧ ನಿರ್ವಾತ ಸಿಕ್ಕಿತು ಅಂತ ಹಿಡೀರಿ, ಅಂದ್ರ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ. ಪೂರ್ತಿ ಶೀಟು 244 ಗುಣಿಸು 122 ಸೆಂಟಿಮೀಟರ್, ಸುಮಾರು 29,768 ಚದರ ಸೆಂಟಿಮೀಟರ್. ಹತ್ತತ್ರ 15 ಟನ್ ಒತ್ತು! ಆನಿ ಕೂಡಿಸಿದಂಗ.

ಆದ್ರ ಅದೇ ಶೀಟಿನಿಂದ 6 ಗುಣಿಸು 4 ಸೆಂಟಿಮೀಟರಿನ ಒಂದು ಅಕ್ಷರ ಕತ್ತರಿಸಿದ್ರ? ಇಪ್ಪತ್ನಾಲ್ಕು ಚದರ ಸೆಂಟಿಮೀಟರ್, ಹನ್ನೆರಡು ಕೆಜಿ. ಬಿಟ್ಟು ಅದನ್ನ ಮ್ಯಾಲಿಂದ ಒತ್ತೋದಿಲ್ಲ, ಅಡ್ಡ ತಳ್ಳತೈತಿ. ಅಡ್ಡ ತಡೆಯೋದು ಬರೀ ಘರ್ಷಣೆ. ಅದು ಹನ್ನೆರಡರಾಗ ಮೂರ್ನಾಲ್ಕು ಕೆಜಿ ಆದ್ರ ದೊಡ್ಡದು. ಅದಕ್ಕ ದೊಡ್ಡ ಬಾಗಿಲು ಅಲುಗಾಡೋದಿಲ್ಲ, ಸಣ್ಣ ಅಕ್ಷರ ಹಾರಿ ಹೋಗತೈತಿ.

3/7

ಈ ಎಪ್ರಿಲ್‌ನಾಗ ಹಂಗೇ ಆತು. ಒಬ್ಬರ ಮನಿ ಹೆಸರಿನ ಬೋರ್ಡ್ ಕತ್ತರಿಸೋವಾಗ 'ನಿಲಯ'ದ 'ಯ' ಬಿಡಿಸಿಕೊಂಡು ಆಪರೇಟರ್ ಅಣ್ಣನ ಕಿವಿ ಪಕ್ಕ ಹಾದು ತಗಡಿಗೆ ಬಡೀತು. ತಗಡಿನಾಗ ಇನ್ನೂ ಗುರುತು ಐತಿ, ಮೂರನೇ ಫೋಟೋ ನೋಡ್ರಿ. ಅಣ್ಣ ನಕ್ಕೊಂತ "ಮನಿ ಯಜಮಾನ್ರು ಬರೀ 'ನಿಲ' ಅಂತ ಬರಿಸಿಕೊಳ್ಳಲಿ ಬಿಡು ತಂಗಿ" ಅಂದ. ಕೈ ಮಾತ್ರ ನಡಗತಿತ್ತು. ಅವನ ಹೆಂಡತಿ ಆಗ ಬಾಣಂತನಕ್ಕ ಕುಷ್ಟಗಿಗೆ ತವರಿಗೆ ಹೋಗಿದ್ಲು. ಅವತ್ತು ಸಂಜಿ ಅವನು ಫೋನಿನಾಗ ಆಕಿಗೆ ಏನೂ ಹೇಳಲಿಲ್ಲ, ಪಕ್ಕದಾಗ ಕುಂತಿದ್ದೆ, ಕೇಳಿಸಿಕೊಂಡೀನಿ.

ಅದಾದ ವಾರದಾಗ ಒಂದು ದೇವರ ಮನಿ ಜಾಲಿ ಸರಿದು ಕೆಟ್ಟಿತು. ಆಮ್ಯಾಲೆ ಎರಡು ಶಟರ್. ಮಾಮಾ ಮೆಷಿನ್ ರಿಪೇರಿಯವರನ್ನ ಕರಸಿದ. ಬಂದವರು ಹತ್ತು ನಿಮಿಷ ನೋಡಿ "ಪಂಪ್ ವೀಕ್ ಆಗೈತ್ರೀ, ದೊಡ್ಡದು ಹಾಕ್ರಿ" ಅಂತ ಕೊಟೇಶನ್ ಬರೆದು ಕೊಟ್ರು. 1,40,000 ರೂಪಾಯಿ. ಯಾರು ಅಂತ ಹೇಳೋದಿಲ್ಲ, ಅವರ ಜೋಡಿ ನಮಗ ಜಗಳ ಏನಿಲ್ಲ.

ಆ ರೊಕ್ಕ ಮಾಮಾನ ಹತ್ರ ಇತ್ತು. ಇಲ್ಲಂತಲ್ಲ. ಆದ್ರ ಅದು ಅವನ ಮಗಳ ನರ್ಸಿಂಗ್ ಕಾಲೇಜಿನ ಫೀಜಿಗೆ ಅಂತ ಅತ್ತಿ ಎರಡು ವರ್ಷ ಚೀಟಿ ಹಾಕಿ ಕೂಡಿಸಿದ್ದು. ಪಾಸ್‌ಬುಕ್ ನನ್ನ ಡ್ರಾದಾಗ ಇರತೈತಿ. ಅವತ್ತು ರಾತ್ರಿ ಮಾಮಾ ಬಂದು "ಪಾಸ್‌ಬುಕ್ ಕೊಡವಾ" ಅಂದ. ಕೊಟ್ಟೆ. ಕೊಡೋವಾಗ ಕೇಳಿದೆ, "ಮಾಮಾ, ಪಂಪ್ ವೀಕ್ ಅಂತ ಅವರು ಯಾವ ಲೆಕ್ಕದ ಮ್ಯಾಲೆ ಹೇಳಿದ್ರು?" ಮಾಮಾ ಸುಮ್ಮನ ನಿಂತ. "ಎರಡು ದಿನ ಕೊಡು" ಅಂದೆ.

4/7

ಇದು ಸೀರೀಸಿನಾಗ ನನಗ ಭಾಳ ಇಷ್ಟದ ಭಾಗ. ಮೆಷಿನ್ ಇಲ್ಲದವರೂ ಓದ್ರಿ.

ಪಂಪಿನ ಪೈಪಿಗೆ ಒಂದು ಮೀಟರ್ ಇರತೈತಿ, ನಿರ್ವಾತ ಎಷ್ಟೈತಿ ಅಂತ ತೋರಸತೈತಿ. ನಾನೂ ಆಪರೇಟರ್ ಅಣ್ಣನೂ ಮುಂಜಾನಿ ಏಳಕ್ಕ ಹೋಗಿ ಮೂರು ಸಲ ಓದಿ ನೋಡಿದ್ವಿ. ಮೊದಲು ಎಲ್ಲಾ ವಾಲ್ವ್ ಬಂದ್ ಮಾಡಿ: 0.7 ಬಾರ್. ಅಂದ್ರ ಪಂಪ್ ಗಟ್ಟಿಮುಟ್ಟಾಗೇ ಐತಿ. ವೀಕ್ ಆಗಿದ್ರ ಇಲ್ಲೇ ಸಿಕ್ಕಿಬೀಳತಿತ್ತು. ಎರಡನೇದು, ವಾಲ್ವ್ ತಗದು ಬೆಡ್ ಮ್ಯಾಲೆ ಪೂರ್ತಿ ಸನ್‌ಮೈಕಾ ಶೀಟ್ ಹಾಸಿ: 0.65. ಅಂದ್ರ ರಬ್ಬರ್ ಹಗ್ಗದಾಗ, ಪೈಪಿನಾಗ ದೊಡ್ಡ ಸೋರಿಕಿ ಇಲ್ಲ. ಮೂರನೇದು, ಬೆಡ್ ಮ್ಯಾಲೆ ಏನೂ ಇಡದಂಗ, ಬರೀ ಹಲಗಿ: 0.6.

ಅಣ್ಣ ಖುಷಿಯಾದ. "ನೋಡು, ಏನೂ ಇಡದಿದ್ರೂ 0.6 ತೋರಸಾಕತ್ತೈತಿ. ಎಷ್ಟು ಚಲೋ ಹಿಡಿತ!"

ಅಲ್ಲೇ ಇದ್ದದ್ದು ರೋಗ. ಬರೀ ಹಲಗಿ ಇದ್ದಾಗ ಗಾಳಿ ಅದರೊಳಗಿಂದ ಧಾರಾಳ ನುಗ್ಗಬೇಕು, ಮೀಟರ್ ಧಡಕ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರ ಗಾಳಿ ಹಾಯಲೇ ಇಲ್ಲ. ಹಲಗಿ ಮುಚ್ಚಿ ಹೋಗೈತಿ. ಮೀಟರ್ ತೋರಸೋದು ಹಲಗಿ ಕೆಳಗಿನ ಕಥಿ. ನಮ್ಮ ಪ್ಲೈವುಡ್ ಕುಂತಿರೋದು ಹಲಗಿ ಮ್ಯಾಲೆ. ನಡುವ ಗ್ವಾಡಿ ಎದ್ದೈತಿ, ಗ್ವಾಡಿ ಆಚಿ ಕಡೆ ಎಷ್ಟು ಜೋರಿದ್ರ ನಮಗೇನು? ನಮ್ಮ ಅಕೌಂಟ್ಸ್ ಭಾಷೆಯೊಳಗ ಹೇಳಬೇಕಂದ್ರ, ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗೈತಿ, ಗಲ್ಲಾಪೆಟ್ಟಿಗಿ ಖಾಲಿ ಐತಿ.

ಇಂಥ ಬೆಡ್ಡಿಗೆ ಇನ್ನೂ ದೊಡ್ಡ ಪಂಪ್ ಹಾಕಿದ್ರ ಏನಾಗತಿತ್ತು? ಮೀಟರ್ 0.6 ಬದಲು 0.7 ತೋರಸತಿತ್ತು. 'ಯ' ಹಂಗೇ ಹಾರತಿತ್ತು.

ಇನ್ನೊಂದು ವಿಷಯ ಇದರಾಗ ಸಿಕ್ಕಿಕೊಂಡಿತ್ತು. ರಿಪೇರಿಯವರು ಬಂದದ್ದು ಮಧ್ಯಾಹ್ನ ಮೂರಕ್ಕ, ಆಗ ಮೀಟರ್ ನಿಜವಾಗ್ಲೂ ಕಡಿಮಿ ಇತ್ತಂತ. ನಮ್ಮದು ನೀರಿನ ಪಂಪ್, ಅಂದ್ರ ಒಳಗ ನೀರಿನ ಉಂಗುರ ತಿರುಗಿ ಗಾಳಿ ಎಳೆಯೋದು. ಅದೇ ನೀರು ಸಿಂಟೆಕ್ಸ್ ಟ್ಯಾಂಕಿನಿಂದ ಬಂದು ಅಲ್ಲಿಗೇ ವಾಪಸ್. ಟ್ಯಾಂಕ್ ಇದ್ದದ್ದು ಬಿಸಿಲಾಗ. ನಮ್ಮ ಕಡೆ ಎಪ್ರಿಲ್ ಬಿಸಿಲು ಹೇಳಬೇಕೇನು? ನೀರು ಕೈ ಇಡಾಕ ಆಗದಂಗ ಕಾದಿರತಿತ್ತು. ಬಿಸಿ ನೀರು ಕಡಿಮಿ ಒತ್ತಡದಾಗ ಬೇಗ ಆವಿ ಆಗತೈತಿ, ಆ ಆವಿನೇ ಪಂಪಿನ ಜಾಗ ತಿಂತೈತಿ, ನಿರ್ವಾತ ಕಡಿಮಿ ಆಗತೈತಿ. ಟ್ಯಾಂಕನ್ನ ನೆಳ್ಳಿಗೆ ಸರಿಸಿ, ಮ್ಯಾಲೆ ಹಸಿ ಗೋಣಿಚೀಲ ಹಾಕಿದ್ವಿ. ಖರ್ಚು ಸೊನ್ನೆ. ಬೋರ್‌ವೆಲ್ ನೀರು ಹಾಕೋರು ಇನ್ನೊಂದು ನೆನಪಿಟ್ಟುಕೊಳ್ರಿ: ಗಡಸು ನೀರಾದ್ರ ಕೆಟಲ್‌ನಾಗ ಕಟ್ಟೋ ಬಿಳೀ ಪದರು ಪಂಪಿನೊಳಗೂ ಕಟ್ಟತೈತಿ.

5/7

ಹಲಗಿ ಯಾಕ ಮುಚ್ಚಿತು? ಎರಡು ಕಾರಣ.

ಮೊದಲನೇದು ಎಲ್ಲರಿಗೂ ಗೊತ್ತು: ಕೊಯ್ದ ಧೂಳು, ಅದರಾಗೂ ಅಂಟು, ಲ್ಯಾಮಿನೇಟಿನ ಪುಡಿ, ಸಂದಿಯೊಳಗ ಹೊಕ್ಕು ಗಟ್ಟಿ ಆಗತೈತಿ. ಅದಕ್ಕ ಬೆಡ್ಡಿಗೆ ಗಾಳಿ ಪೈಪ್ ಹಿಡಿದು ಊದಬಾರದು. ಊದಿದ್ರ ಧೂಳು ಹೋದಂಗ ಕಾಣತೈತಿ, ಅರ್ಧ ಒಳಗೇ ಹೋಗಿ ಕುಂದ್ರತೈತಿ. ಎಳೆಯೋ ವ್ಯಾಕ್ಯೂಮ್ ಕ್ಲೀನರ್ ಬೇಕು.

ಎರಡನೇದು ಹಲಗಿ ಕಳಚಿದಾಗ ಕಂಡಿತು. ಎಂಡಿಎಫ್ ಫ್ಯಾಕ್ಟರಿಯೊಳಗ ಒತ್ತೋವಾಗ ಎರಡೂ ಮುಖಕ್ಕ ಗಟ್ಟಿ ಚರ್ಮ ಬಂದಿರತೈತಿ. ನಡುವಿನ ಭಾಗ ಸಡಿಲ, ಮುಖ ಬಿಗಿ. ಬಜ್ಜಿ ಇದ್ದಂಗ ಅಂದ್ಕೊಳ್ರಿ. ಗಾಳಿ ಹಾಯಬೇಕಂದ್ರ ಎರಡೂ ಕಡೆ ಆ ಚರ್ಮ ಸುಲಿಬೇಕು. ನಮ್ಮ ಹಲಗಿ ಮ್ಯಾಲಿನ ಮುಖ ಎಷ್ಟೋ ಸಲ ಸವರಿ ಆಗಿತ್ತು. ಕೆಳಗಿನ ಮುಖ ಫ್ಯಾಕ್ಟರಿಯಿಂದ ಬಂದಂಗೇ ನುಣ್ಣಗ ಹೊಳಿತಿತ್ತು! ಮೆಷಿನ್ ಕೂಡಿಸಿದ ದಿನದಿಂದ ಅದು ಅರ್ಧ ಉಸುರಿನ್ಯಾಗೇ ಇತ್ತು. ಮ್ಯಾಲಿನ ಸಂದಿ ತೆರೆದಿರೋತನಕ ಹೆಂಗೋ ನಡೀತು, ಅದೂ ಮುಚ್ಚಿದ ಮ್ಯಾಲೆ ನಿಂತಿತು.

ಭಾನುವಾರ ಸವರಿದ್ವಿ. ಹಲಗಿ ತಿರುವಿ ಹಾಕಿ ಮೊದಲು ಹಿಂಬದಿ ಅರ್ಧ ಮಿಲಿಮೀಟರ್ ತಗದ್ವಿ. ಆಮ್ಯಾಲೆ ಸರಿ ತಿರುವಿ, ಕಾಲುವಿಯೊಳಗಿನ ಧೂಳು ಎಳೆದು, ರಬ್ಬರ್ ಹಗ್ಗ ಎಲ್ಲಿ ಚಪ್ಪಟಿ ಆಗೈತೋ ಅಲ್ಲಿ ಹೊಸಾದು ಕೂಡಿಸಿ, ಪಂಪ್ ಚಾಲು ಇಟ್ಟೇ ಮ್ಯಾಲಿನ ಮುಖ ಸವರಿದ್ವಿ. ಪಂಪ್ ಚಾಲು ಇರಬೇಕು ಯಾಕಂದ್ರ ಕೆಲಸದಾಗ ಹಲಗಿ ಯಾವ ಆಕಾರಕ್ಕ ಕುಂದ್ರತೈತೋ ಅದೇ ಆಕಾರದಾಗ ಸಮ ಆಗಬೇಕು.

ಸವರಾಕ ಅಗಲ ಬಿಟ್ಟು ಬೇರೆ ಇರತೈತಿ. ಎಷ್ಟು ತಗೀಬೇಕು ಅಂತ ತಿಳಿಯಾಕ ಅಣ್ಣ ಮಾಡೋ ಉಪಾಯ ನೋಡಿ ನಾನು ಫಿದಾ: ಹಲಗಿ ತುಂಬ ಪೆನ್ಸಿಲಿನಿಂದ ಸೊಟ್ಟ ಸೊಟ್ಟ ಗೆರಿ ಎಳಿತಾನ, ಸಣ್ಣ ಹುಡುಗರು ಗ್ವಾಡಿ ಮ್ಯಾಲೆ ಎಳೆದಂಗ. 0.3 ಮಿಲಿಮೀಟರ್ ಇಳಿಸಿ ಒಂದು ಸುತ್ತು ಹೊಡಿತಾನ. ಎಲ್ಲಿ ಗೆರಿ ಉಳೀತೋ ಅಲ್ಲಿ ತಗ್ಗು ಐತಿ ಅಂತ. ಗೆರಿ ಪೂರ್ತಿ ಅಳಿಸಿತಂದ್ರ ನಿಲ್ಲಸ್ತಾನ. ಅದಕ್ಕಿಂತ ಹೆಚ್ಚು ತಗದ್ರ ಹಲಗಿ ದಂಡ. ಮುಗದ ಮ್ಯಾಲೆ ಉಗುರಿನಿಂದ ಅಡ್ಡ ಗೀರಿ ನೋಡಬೇಕು. ಸುತ್ತು ಸುತ್ತಿನ ನಡುವ ಮೆಟ್ಟಲು ತಾಕಿದ್ರ ಸ್ಪಿಂಡಲ್ ಸ್ವಲ್ಪ ವಾಲಿದೆ ಅಂತ ಅರ್ಥ. ಅದು ಬೇರೆ ಕೆಲಸ, ಬೇರೆ ದಿನ.

ಆಮ್ಯಾಲೆ ಮರಿಬಾರದ್ದು, ಬಿಟ್ಟಿನ ಎತ್ತರದ ಸೊನ್ನೆ ಹೊಸಾದಾಗಿ ಹಿಡಿಬೇಕು. ಹಲಗಿ 0.3 ಕೆಳಗ ಇಳಿದೈತಿ, ಮೆಷಿನ್‌ಗೆ ಅದು ಗೊತ್ತಿಲ್ಲ. ಹಳೇ ಸೊನ್ನೆ ಇಟ್ಟುಕೊಂಡ್ರ ಶೀಟು ಪೂರ್ತಿ ಕೊಯ್ಯೋದಿಲ್ಲ, ಕೆಳಗ ತೆಳ್ಳನ ಪದರು ಉಳಿತೈತಿ. ಕಡೀಗೆ ಹಲಗಿಯ ನಾಲ್ಕೂ ಅಂಚಿಗೆ ಎರಡು ಕೋಟ್ ಫೆವಿಕಾಲ್ ಬಳಿದ್ವಿ. ಅಂಚು ಸುಲಿದ ನಾರು, ಅಲ್ಲಿಂದ ಗಾಳಿ ಭಾಳ ಸೋರತೈತಿ. ಮಾಸ್ಕ್ ಇಲ್ಲದೇ ಈ ಕೆಲಸ ಮಾಡಬ್ಯಾಡ್ರಿ. ಎಂಡಿಎಫ್ ಧೂಳು ಹಿಟ್ಟಿಗಿಂತ ಸಣ್ಣ, ಒಳಗ ಫಾರ್ಮಾಲ್ಡಿಹೈಡ್ ಇರೋ ಅಂಟು ಇರತೈತಿ.

ಮತ್ತ ಮೀಟರ್ ಓದಿದ್ವಿ. ಸನ್‌ಮೈಕಾ ಹಾಸಿ 0.65. ಬರೀ ಹಲಗಿ 0.25. ಅಣ್ಣ ಮೀಟರ್ ಬಿದ್ದದ್ದು ನೋಡಿ ಚಪ್ಪಾಳಿ ಹೊಡೆದ. ಮಾಮಾ ಬಾಗಿಲಾಗ ನಿಂತು ನೋಡಾಕತ್ತಿದ್ದ, "ಕಡಿಮಿ ಆಗೈತಿ, ಚಪ್ಪಾಳಿ ಯಾಕೋ?" ಅಂದ. ಅವನಿಗೆ ತಿಳಿಸಾಕ ಚಾ ಮುಗಿಯೋಮಟ ಬೇಕಾತು.

6/7

ಈಗ ಬಿಕಾಂ ಭಾಗ. ಓಡಿ ಹೋಗಬ್ಯಾಡ್ರಿ, ಇದು ಕಾಸ್ಟಿಂಗ್ ಪೇಪರಿಗೆ ಬರತೈತಿ.

ಮಾಮಾ ಹಲಗಿ ಸವರಾಕ ಮೊದಲಿಂದ ಹಿಂದ ಮುಂದ ನೋಡತಿದ್ದ. ಅವನ ಮಾತು ಇಷ್ಟೇ: "ಸವರಿದಷ್ಟು ಹಲಗಿ ಸವೀತೈತಿ. ಚಲೋ ಇರೋ ಹಲಗಿ ಯಾಕ ತಿನ್ನಿಸಬೇಕು?" ಬಡಿಗರ ಮನಿಯೊಳಗ ಹುಟ್ಟಿದವನು, ಕಟ್ಟಿಗಿ ದಂಡ ಮಾಡೋದು ಅಂದ್ರ ಅನ್ನ ಚೆಲ್ಲಿದಂಗ ಅವನಿಗೆ. ಅದನ್ನ ನಗೋದಿಲ್ಲ ನಾನು.

ಲೆಕ್ಕ ಹಾಕಿ ತೋರಿಸಿದೆ. ಹಲಗಿ 18 ಮಿಲಿಮೀಟರ್. ಎರಡೂ ಚರ್ಮ ಸುಲಿದ್ರ 17. ಒಂಬತ್ತಕ್ಕ ಬಂದಾಗ ಬದಲಿ ಮಾಡ್ತೀವಿ ಅಂತ ಹಿಡಿಯೋಣ, ತೆಳ್ಳಗಾದ್ರ ಕಾಲುವಿ ಮ್ಯಾಲೆ ಹಲಗಿ ಜಗ್ಗತೈತಿ. ಉಪಯೋಗಕ್ಕ ಸಿಗೋದು 8 ಮಿಲಿಮೀಟರ್. ಸಲಕ್ಕ 0.3 ಅಂದ್ರ 26 ಸಲ. ಹಲಗಿ ರೇಟು ಲೆಕ್ಕಕ್ಕ 2,000 ಇಟ್ಟುಕೊಂಡ್ರ ಒಂದು ಸಲ ಸವರಾಕ 77 ರೂಪಾಯಿ. ನಿಮ್ಮೂರ ರೇಟು ಬೇರೆ ಇದ್ರ ಅದನ್ನ ಹಾಕಿ ಭಾಗಿಸ್ಕೊಳ್ರಿ.

ನಮ್ಮ ಪುಸ್ತಕದಾಗ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಓದೀವಲ್ಲ? ನಾನು ಬರೀ ಎರಡು ಮಾರ್ಕಿನ ಪ್ರಶ್ನೆ ಅಂದ್ಕೊಂಡಿದ್ದೆ. ಸವರೋ 77 ರೂಪಾಯಿ ನಾರ್ಮಲ್ ಲಾಸ್. ಕೆಲಸದ ಸ್ವಭಾವದಾಗೇ ಇರೋದು, ಎಲ್ಲಾ ಚಲೋ ಮಾಲಿನ ಮ್ಯಾಲೆ ಹಂಚಿ ಗಿರಾಕಿಗೆ ಹಚ್ಚಬಹುದು, ಗಿರಾಕಿಗೆ ಗೊತ್ತೂ ಆಗೋದಿಲ್ಲ. ಸರಿದು ಕೆಟ್ಟ ಜಾಲಿ ಅಬ್‌ನಾರ್ಮಲ್ ಲಾಸ್. ಅದನ್ನ ಯಾರ ಬಿಲ್ಲಿಗೂ ಹಚ್ಚಾಕ ಬರೋದಿಲ್ಲ, ಸೀದಾ ಮಾಮಾನ ಲಾಭದಿಂದ ಹೋಗತೈತಿ. ಒಂದು ಪ್ಲೈವುಡ್ ಶೀಟ್ ಕೆಟ್ಟರೆ ಎಷ್ಟು ಸಲ ಸವರಬಹುದಿತ್ತು ಅಂತ ಬರೆದು ತೋರಿಸಿದ್ಮ್ಯಾಲೆ ಮಾಮಾ ಹಾಳಿ ಮಡಚಿ ಕಿಸೆಯೊಳಗ ಇಟ್ಟುಕೊಂಡ.

ಲೆಡ್ಜರಿನಾಗೂ ಬದಲಿ ಮಾಡೀನಿ. ಮೊದಲು ಹಲಗಿ ಮೆಷಿನ್ ಜೋಡಿ ಆಸ್ತಿ ಕಡೆ ಸೇರಿತ್ತು. ಮೆಷಿನ್ ಆಸ್ತಿ, ವರ್ಷಕ್ಕ ಇಷ್ಟು ಅಂತ ಡೆಪ್ರಿಸಿಯೇಷನ್. ಹಲಗಿ ಹಂಗಲ್ಲ, ಅದು ಬಿಟ್ಟು, ಎಣ್ಣಿ, ಫೆವಿಕಾಲ್ ಇದ್ದಂಗ ಖರ್ಚಾಗೋ ಸಾಮಾನು. ಆಸ್ತಿ ಅಂತ ಬರೆದಿರೋತನಕ ಮನಸ್ಸು ಅದನ್ನ ಉಳಿಸಾಕ ನೋಡತೈತಿ. ಖರ್ಚು ಅಂತ ಬರೆದ ತಿಂಗಳಿಂದ ಮಾಮಾ ತಾನೇ "ಈ ವಾರ ಸವರಿಲ್ಲೇನೋ?" ಅಂತ ಕೇಳಾಕತ್ಯಾನ.

ಪಾಸ್‌ಬುಕ್ ವಾಪಸ್ ಡ್ರಾದಾಗ ಐತಿ.

7/7

ಕಾಮೆಂಟಿನಾಗ ಕೇಳಿದ್ದಕ್ಕ ಒಂದಿಷ್ಟು ಉತ್ತರ.

"ಸವರಿದ ಮ್ಯಾಲೆ ಸಣ್ಣ ಅಕ್ಷರ ಹಾರೋದು ನಿಂತಿತೇನು?" ಕಡಿಮಿ ಆತು, ಆದ್ರ ಗಾಳಿ ಒಂದನ್ನೇ ನಂಬೋದಿಲ್ಲ. ಹನ್ನೆರಡು ಕೆಜಿ ಲೆಕ್ಕ ನೆನಪೈತಲ್ಲ. ಸಣ್ಣ ತುಂಡಿಗೆ ಮೊದಲ ಸುತ್ತಿನಾಗ ಕೆಳಗ ಅರ್ಧ ಮಿಲಿಮೀಟರ್ ಉಳಿಸಿ ಕೊಯ್ತೀವಿ, ಎಲ್ಲಾ ಮುಗದ ಮ್ಯಾಲೆ ಕಡೀ ಸುತ್ತಿನಾಗ ಅದನ್ನ ಬಿಡಸ್ತೀವಿ. ಇನ್ನೂ ಸಣ್ಣದಾದ್ರ ಎರಡು ಕಡೆ ಸೇತುವಿ ಬಿಟ್ಟು ಆಮ್ಯಾಲೆ ಕೈಲೆ ಮುರೀತೀವಿ. ಕೆಲಸ ಇಲ್ಲದ ಜಾಗಕ್ಕ ಹಳೇ ಸನ್‌ಮೈಕಾ ತುಂಡು ಮುಚ್ಚತೀವಿ, ಅಷ್ಟು ಗಾಳಿ ಉಳಿತೈತಿ.

"ಕರೆಂಟ್ ಹೋದ್ರ?" ಒಳ್ಳೆ ಪ್ರಶ್ನೆ ಕೇಳೀರಿ. ಪಂಪ್ ನಿಂತ ಕ್ಷಣ ಹಿಡಿತ ಹೋಗತೈತಿ. ವಾಪಸ್ ಬಂದಾಗ ಬಿಟ್ಟು ಮ್ಯಾಲೆತ್ತಿ, ಪಂಪ್ ಮೊದಲು ಚಾಲು, ಮೀಟರ್ ಏರಿದ್ದು ನೋಡಿ, ಆಮ್ಯಾಲೆ ಸ್ಪಿಂಡಲ್.

"ಈ ಮೆಷಿನ್ ಬಂದು ಕಿನ್ನಾಳದವರ ಹೊಟ್ಟಿ ಮ್ಯಾಲೆ ಹೊಡಿತೈತಲ್ಲ?" ಇದನ್ನ ಕೊಪ್ಪಳದ ಗೆಳತಿ ಕೇಳ್ಯಾಳ. ಕಿನ್ನಾಳ ಗೊಂಬಿ ಹಗುರ ಕಟ್ಟಿಗಿ, ಹುಣಸಿ ಬೀಜದ ಅಂಟು, ಕಟ್ಟಿಗಿ ಪುಡಿ, ಕೈ ಬಣ್ಣ. ನಮ್ಮ ಮೆಷಿನ್ ಚಪ್ಪಟಿ ಶೀಟಿನ ಮ್ಯಾಲೆ ನಡೆಯೋದು, ಗರುಡನ ಮೂಗು ಕೂಡಿಸೋದು ಅದಕ್ಕ ಬರೋದಿಲ್ಲ. ಆದ್ರ ಬಾಗಿಲ ಕೆತ್ತೋ ಬಡಿಗರ ಕೆಲಸ ಕಡಿಮಿ ಆಗೈತಿ, ಅದು ಖರೇನ. ನಮ್ಮಜ್ಜನ ಉಳಿ, ಬಾಚಿ ಶೆಡ್ಡಿನ ಮೊಳಿಗೆ ನೇತಾಡ್ತಾವ. ಅದರ ಬಗ್ಗೆ ಬೇರೆ ಸೀರೀಸ್ ಬರೀಬೇಕು, ಇಲ್ಲಿ ಎರಡು ಸಾಲಿನಾಗ ಮುಗಿಸಿದ್ರ ಸುಳ್ಳಾಗತೈತಿ.

ಈಗ ಮಳಿ ಹಿಡಿದೈತಿ. ಎಂಡಿಎಫ್ ತೇವ ಕುಡದು ಉಬ್ಬತೈತಿ, ಅದೂ ಎಲ್ಲಾ ಕಡೆ ಒಂದೇ ಸಮ ಅಲ್ಲ. ಬ್ಯಾಸಗಿಯೊಳಗ ಎರಡು ವಾರ ತಡಿತಿದ್ದ ಬೆಡ್ಡು ಈಗ ಒಂದೇ ವಾರಕ್ಕ ಅಲೆಅಲೆ ಆಗಾಕತ್ತೈತಿ. ಹೊಸ ಹಲಗಿ ತಂದು ಶೆಡ್ಡಿನ್ಯಾಗೇ ಮಲಗಿಸಿ ಇಟ್ಟೀವಿ, ಗ್ವಾಡಿಗೆ ಆನಿಸಿಲ್ಲ, ಆನಿಸಿದ್ರ ಬಾಗತೈತಿ. ನಿನ್ನೆ ಅಳೆದಾಗ ಹಳೇದು 10.4 ಮಿಲಿಮೀಟರ್ ಇತ್ತು. ಇನ್ನೂ ನಾಲ್ಕು ಸಲ ಸವರಬಹುದು. ಈ ಭಾನುವಾರ ಪೆನ್ಸಿಲ್ ಗೆರಿ ಎಳೆಯೋ ಪಾಳಿ ನಂದು, ಆಪರೇಟರ್ ಅಣ್ಣ ಮಗಳನ್ನ ನೋಡಾಕ ಕುಷ್ಟಗಿಗೆ ಹೊಂಟಾನ.